ಆಪರೇಷನ್ ನಡುವೆ ಎಚ್ಚರವಾದವರ ಮಾತು

ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ತಪಾಸಣೆಗೆಂದು ಬರುವವರು ರಕ್ತದೊತ್ತಡ, ಸಕ್ಕರೆ ಕಾಯಿಲೆ, ಅಲುಗಾಡುವ ಹಲ್ಲು, ಉಪವಾಸದ ಹೊತ್ತು ಇವೆಲ್ಲದರ ವಿಚಾರ ಮುಗಿದು ಇನ್ನೇನು ಎದ್ದು ಹೊರಡಬೇಕು ಎನ್ನುವಾಗ ದನಿ ತಗ್ಗಿಸಿ ಕೇಳುವ ಪ್ರಶ್ನೆಯೊಂದಿದೆ: "ಮಧ್ಯದಲ್ಲಿ ಎಚ್ಚರ ಆಗಿಬಿಟ್ಟರೆ ಏನು ಗತಿ ಡಾಕ್ಟ್ರೇ?" ಅರಿವಳಿಕೆ ತಜ್ಞೆಯಾಗಿ ಕೆಲಸ ಮಾಡುವ ನಾನು ಈ ಪ್ರಶ್ನೆಯನ್ನು ಹಳ್ಳಿಯ ರೈತರಿಂದಲೂ ಕಾಲೇಜಿನ ಅಧ್ಯಾಪಕರಿಂದಲೂ ಕೇಳಿದ್ದೇನೆ. "ಹಾಗೆಲ್ಲ ಆಗುವುದಿಲ್ಲ, ಸುಮ್ಮನೆ ಹೆದರಬೇಡಿ" ಎಂಬ ಉತ್ತರ ನಮ್ಮಲ್ಲಿ ಹಲವರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಆ ಉತ್ತರ ಬಹುಮಟ್ಟಿಗೆ ನಿಜವಾದರೂ ಪೂರ್ತಿ ನಿಜವಲ್ಲ. ಪೂರ್ತಿ ನಿಜವಲ್ಲದ ಆ ಸಣ್ಣ ಪಾಲಿನಲ್ಲಿ ಸಿಕ್ಕಿಕೊಂಡವರ ಮಾತನ್ನು ಆಮೇಲೆ ಯಾರೂ ನಂಬುವುದಿಲ್ಲ ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಸಂಗತಿ. ಹಾಗಾಗಿ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಯಾವುದು ಈ ತೊಂದರೆಯಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಇಂದು ಹೆಚ್ಚಿನ ಸಿಸೇರಿಯನ್ ಹೆರಿಗೆಗಳು ಬೆನ್ನಿಗೆ ಕೊಡುವ ಇಂಜೆಕ್ಷನ್‌ನಿಂದ, ಅಂದರೆ ಸ್ಪೈನಲ್ ಅರಿವಳಿಕೆಯಲ್ಲಿ ನಡೆಯುತ್ತವೆ. ಅಲ್ಲಿ ತಾಯಿ ಎಚ್ಚರವಾಗಿರುವುದು, ಮಗುವಿನ ಮೊದಲ ಅಳುವನ್ನು ಕೇಳುವುದು, ಹೊಟ್ಟೆಯ ಮೇಲೆ ಎಳೆದಾಟದ ಅನುಭವವಾಗುವುದು ಎಲ್ಲವೂ ನಿರೀಕ್ಷಿತವೇ. ಎಂಡೋಸ್ಕೋಪಿಗೋ ಸಣ್ಣ ಶಸ್ತ್ರಚಿಕಿತ್ಸೆಗೋ ಕೊಡುವ ಮಂಪರಿನ ಔಷಧವೂ ಸಂಪೂರ್ಣ ಅರಿವಳಿಕೆಯಲ್ಲ. ಆ ಹೊತ್ತಿನಲ್ಲಿ ನಡುನಡುವೆ ಮಾತು ಕೇಳಿಸಬಹುದು. ಮಿದುಳಿನ ಕೆಲವು ಶಸ್ತ್ರಚಿಕಿತ್ಸೆಗಳಲ್ಲಂತೂ ರೋಗಿಯನ್ನು ಬೇಕೆಂದೇ ಎಚ್ಚರವಾಗಿಡುತ್ತಾರೆ. 2017ರಲ್ಲಿ ಬೆಂಗಳೂರಿನಲ್ಲಿ ಸಂಗೀತಗಾರರೊಬ್ಬರು ಮಿದುಳಿನ ಶಸ್ತ್ರಚಿಕಿತ್ಸೆಯ ನಡುವೆ ಗಿಟಾರ್ ನುಡಿಸಿದ ಸುದ್ದಿ ಹಲವರಿಗೆ ನೆನಪಿರಬಹುದು. ನಾನು ಹೇಳುತ್ತಿರುವುದು ಇವುಗಳ ಬಗ್ಗೆ ಅಲ್ಲ. ಪ್ರಜ್ಞೆ ಪೂರ್ತಿಯಾಗಿ ಹೋಗಿರಬೇಕಾದ ಸಮಯದಲ್ಲಿ ಅದು ಮರಳಿ ಬಂದು, ಆ ಹೊತ್ತಿನ ಅನುಭವ ಆಮೇಲೆ ನೆನಪಿನಲ್ಲಿ ಉಳಿಯುವುದರ ಬಗ್ಗೆ. ಆದರೂ ಒಂದು ಮಾತು: ಮಂಪರು ಮಾತ್ರ ಕೊಡುತ್ತೇವೆಂದು ಸರಿಯಾಗಿ ತಿಳಿಸದೆ ಹೋದರೆ, ರೋಗಿಯ ಮಟ್ಟಿಗೆ ಅದೂ ಇಷ್ಟೇ ಭಯಂಕರವಾದ ಎಚ್ಚರವಾಗಿಬಿಡುತ್ತದೆ. ಬ್ರಿಟನ್ನಿನಲ್ಲಿ ನಡೆದ ದೊಡ್ಡ ಅಧ್ಯಯನವೊಂದಕ್ಕೆ ಬಂದ ದೂರುಗಳಲ್ಲಿ ಸುಮಾರು ಐದರಲ್ಲಿ ಒಂದು ಇಂಥದೇ ಆಗಿತ್ತು.

ಸಂಪೂರ್ಣ ಅರಿವಳಿಕೆ ಎಂದರೆ ಒಂದೇ ಔಷಧದ ಕೆಲಸ ಎಂದು ಹೊರಗಿನವರು ತಿಳಿದಿರುತ್ತಾರೆ. ವಾಸ್ತವವಾಗಿ ಅದು ಕನಿಷ್ಠ ಮೂರು ಕೆಲಸಗಳ ಕೂಡಿಕೆ. ಪ್ರೊಪೊಫಾಲ್ ಅಥವಾ ಥಯೋಪೆಂಟೋನ್‌ನಿಂದ ಪ್ರಜ್ಞೆ ಹೋಗುತ್ತದೆ, ಐಸೊಫ್ಲೂರೇನ್, ಸೆವೊಫ್ಲೂರೇನ್‌ನಂಥ ಆವಿಯಿಂದ ಅದು ಹಾಗೆಯೇ ಉಳಿಯುತ್ತದೆ. ಫೆಂಟನಿಲ್‌ನಂಥ ಔಷಧ ನೋವನ್ನು ತಡೆಯುತ್ತದೆ. ವೆಕ್ಯುರೋನಿಯಂ, ಅಟ್ರಾಕ್ಯೂರಿಯಂ ಮುಂತಾದವು ಸ್ನಾಯುಗಳನ್ನು ಸಂಪೂರ್ಣ ಸಡಿಲಗೊಳಿಸುತ್ತವೆ. ಗಂಟಲಿಗೆ ಉಸಿರಿನ ಕೊಳವೆ ಹಾಕಲು, ಹೊಟ್ಟೆಯೊಳಗೆ ಶಸ್ತ್ರವೈದ್ಯರು ಕೈಯಾಡಿಸಲು, ವೆಂಟಿಲೇಟರ್ ಸರಾಗವಾಗಿ ಕೆಲಸ ಮಾಡಲು ಇವು ಬೇಕು. ಈ ಮೂರನೆಯ ಗುಂಪಿನ ಔಷಧಗಳಿಗೆ ಪ್ರಜ್ಞೆಯ ಮೇಲೆ ಯಾವ ಪರಿಣಾಮವೂ ಇಲ್ಲ. ಅವು ಕೈಕಾಲು, ನಾಲಿಗೆ, ರೆಪ್ಪೆ, ಉಸಿರಾಟದ ಸ್ನಾಯು ಎಲ್ಲವನ್ನೂ ನಿಲ್ಲಿಸುತ್ತವೆ. ಕಿವಿ, ಚರ್ಮ, ಮನಸ್ಸು ಇವುಗಳನ್ನು ಮುಟ್ಟುವುದೇ ಇಲ್ಲ. ಮೊದಲ ಗುಂಪಿನ ಔಷಧ ಯಾವುದೇ ಕಾರಣಕ್ಕೆ ಸಾಲದೆ ಹೋಗಿ ಮೂರನೆಯದು ಮಾತ್ರ ಮೈಯಲ್ಲಿ ಉಳಿದರೆ, ಎಚ್ಚರವಾಗಿರುವ ಮನುಷ್ಯ ಅಲುಗಾಡಲಾರದೆ, ಕೂಗಲಾರದೆ, ಕಣ್ಣು ಬಿಡಲಾರದೆ ಮೇಜಿನ ಮೇಲೆ ಮಲಗಿರುತ್ತಾನೆ. ಈ ಸಮಸ್ಯೆಯ ತಿರುಳು ಇಷ್ಟೇ.

ಚರಿತ್ರೆಯನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಈಥರ್ ಕೊಟ್ಟು, ಜಾನ್ ಕಾಲಿನ್ಸ್ ವಾರೆನ್ ಗಿಲ್ಬರ್ಟ್ ಅಬಾಟ್ ಎಂಬ ಯುವಕನ ಕತ್ತಿನ ಗಡ್ಡೆಗೆ ಶಸ್ತ್ರಚಿಕಿತ್ಸೆ ಮಾಡಿದ ದಿನವನ್ನು ನಾವು ಇಂದಿಗೂ ವಿಶ್ವ ಅರಿವಳಿಕೆ ದಿನವೆಂದು ಆಚರಿಸುತ್ತೇವೆ. ವಾರೆನ್ ಬರೆದಿಟ್ಟಂತೆ, ಅಬಾಟ್ ಮೊದಲು ತನ್ನ ಕತ್ತನ್ನು ಯಾರೋ ಕೆರೆದಂತೆ ಅನಿಸಿತೆಂದನು. ಆಮೇಲೆ ವಿಚಾರಿಸಿದಾಗ, ನೋವಾಗಲಿಲ್ಲ, ಆದರೆ ಶಸ್ತ್ರಚಿಕಿತ್ಸೆ ನಡೆಯುತ್ತಿರುವುದು ಗೊತ್ತಾಗುತ್ತಿತ್ತು ಎಂದನು. ಅಂದರೆ ಇಡೀ ಜಗತ್ತು ಕೊಂಡಾಡಿದ ಆ ಮೊದಲ ಪ್ರದರ್ಶನದಲ್ಲೇ ರೋಗಿಗೆ ಎಚ್ಚರವಿತ್ತು, ಆ ಮಾತನ್ನು ಅವನು ಹೇಳಿದ್ದನು, ಶಸ್ತ್ರವೈದ್ಯರು ಅದನ್ನು ಕೇಳಿ ಬರೆದುಕೊಂಡಿದ್ದರು. ಆದರೆ ಅಬಾಟ್‌ಗೂ ಅವನ ನಂತರದ ಸುಮಾರು ನೂರು ವರ್ಷಗಳ ರೋಗಿಗಳಿಗೂ ಒಂದು ರಕ್ಷಣೆಯಿತ್ತು. ಅರಿವಳಿಕೆ ಸಾಲದೆ ಹೋದರೆ ಅವರು ಒದರುತ್ತಿದ್ದರು, ಕೈ ಎಳೆದುಕೊಳ್ಳುತ್ತಿದ್ದರು. ಅರಿವಳಿಕೆ ಕೊಡುವವರಿಗೆ ಅದು ಕೂಡಲೇ ತಿಳಿಯುತ್ತಿತ್ತು.

1942ರ ಜನವರಿಯಲ್ಲಿ ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಅರಿವಳಿಕೆಯಲ್ಲಿ ಸ್ನಾಯುಗಳನ್ನು ಸಡಿಲಗೊಳಿಸುವ ಕ್ಯುರಾರೆಯನ್ನು ಬಳಸಲಾರಂಭಿಸಿದಾಗ ಈ ರಕ್ಷಣೆ ಇಲ್ಲವಾಯಿತು. ದಕ್ಷಿಣ ಅಮೆರಿಕದ ಕಾಡಿನ ಜನರು ಬಾಣದ ತುದಿಗೆ ಸವರುತ್ತಿದ್ದ ಆ ಸಸ್ಯದ ವಿಷ ಶಸ್ತ್ರಚಿಕಿತ್ಸೆಗೆ ಮಾಡಿದ ಉಪಕಾರ ಅಪಾರ. ಹೊಟ್ಟೆಯ ಹಾಗೂ ಎದೆಯ ಶಸ್ತ್ರಚಿಕಿತ್ಸೆಗಳು ಇಂದಿನ ರೂಪಕ್ಕೆ ಬಂದದ್ದರಲ್ಲಿ ಅದರ ಪಾಲು ದೊಡ್ಡದು. ಆದರೆ ಅದು ಪ್ರಜ್ಞೆಯನ್ನೂ ಮಂಕಾಗಿಸುತ್ತದೆಯೇ ಎಂಬ ಅನುಮಾನ ಆಗ ಕೆಲವರಿಗಿತ್ತು. ಅದನ್ನು ಬಗೆಹರಿಸಲು ಸ್ಕಾಟ್ ಸ್ಮಿತ್ ಎಂಬ ಅಮೆರಿಕದ ಅರಿವಳಿಕೆ ವೈದ್ಯರು, ಬೇರೆ ಯಾವ ಔಷಧವನ್ನೂ ಪಡೆಯದೆ, ತಮ್ಮ ಮೈಗೇ ಆ ಔಷಧವನ್ನು ಹಾಕಿಸಿಕೊಂಡರು. ಉಸಿರಾಟವೂ ಸೇರಿ ಎಲ್ಲವೂ ನಿಂತು, ಸಹೋದ್ಯೋಗಿಗಳು ಕೃತಕವಾಗಿ ಉಸಿರು ಕೊಡುತ್ತಿದ್ದಾಗಲೂ ತಾವು ಉದ್ದಕ್ಕೂ ಪೂರ್ಣ ಎಚ್ಚರವಾಗಿದ್ದುದನ್ನು ಅವರು 1947ರಲ್ಲಿ ಪ್ರಕಟಿಸಿದರು. ತಜ್ಞರು ಸುತ್ತ ನಿಂತಿರುವಾಗ, ಇದು ಮುಗಿಯುತ್ತದೆ ಎಂದು ಗೊತ್ತಿದ್ದು, ಚೂರಿಯ ಭಯವಿಲ್ಲದೆ ಪಡೆದ ಅನುಭವ ಅದು. ಇದಾವುದೂ ಗೊತ್ತಿಲ್ಲದ ರೋಗಿಯ ಸ್ಥಿತಿಯನ್ನು ಅದರ ಪಕ್ಕದಲ್ಲಿಟ್ಟು ಯೋಚಿಸಬೇಕು.

ಹಾಗಾದರೆ ಮೊದಲ ಗುಂಪಿನ ಔಷಧ ಸಾಲದೆ ಹೋಗುವುದು ಯಾವಾಗ? ಚೂರಿ ಹೊಟ್ಟೆಯೊಳಗಿರುವಾಗ ಗಂಟೆಗಟ್ಟಲೆ ಎಚ್ಚರವಾಗಿರುವ ಚಿತ್ರ ಜನರ ಮನಸ್ಸಿನಲ್ಲಿದೆ. ಅಂಥದ್ದು ನಡೆದಿಲ್ಲವೆಂದಲ್ಲ, ಆದರೆ ಅದು ವಿರಳದಲ್ಲೂ ವಿರಳ. ಬ್ರಿಟನ್ ಮತ್ತು ಐರ್ಲೆಂಡಿನ ಅರಿವಳಿಕೆ ಸಂಸ್ಥೆಗಳು ಸೇರಿ ನಡೆಸಿ 2014ರಲ್ಲಿ ಪ್ರಕಟಿಸಿದ, ನಾವೆಲ್ಲ ನ್ಯಾಪ್-5 ಎಂದು ಕರೆಯುವ ಅಧ್ಯಯನದ ಪ್ರಕಾರ, ಇಂಥ ಎಚ್ಚರಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅರಿವಳಿಕೆ ಆರಂಭವಾಗುವ ಅಥವಾ ಮುಗಿಯುವ ಹೊತ್ತಿನಲ್ಲಿ ಆಗುತ್ತವೆ, ಹೆಚ್ಚಿನವು ಐದು ನಿಮಿಷವನ್ನೂ ಮೀರುವುದಿಲ್ಲ. ಆರಂಭದಲ್ಲಿ ರಕ್ತನಾಳಕ್ಕೆ ಕೊಟ್ಟ ಔಷಧ ಕೆಲವೇ ನಿಮಿಷಗಳಲ್ಲಿ ಇಳಿಯತೊಡಗುತ್ತದೆ. ಆವಿಯ ಔಷಧ ರಕ್ತದಲ್ಲಿ ಏರಲು ಹೊತ್ತು ಬೇಕು. ಉಸಿರಿನ ಕೊಳವೆ ಹಾಕುವುದು ಕಷ್ಟವಾಗಿ ಎಲ್ಲರ ಗಮನ ಗಂಟಲಿನ ಮೇಲೇ ನೆಟ್ಟಿದ್ದರೆ, ಇವೆರಡರ ನಡುವಿನ ಅಂತರ ಹಿಗ್ಗುತ್ತದೆ. ಕೊನೆಯಲ್ಲಿ ಆವಿಯನ್ನು ನಿಲ್ಲಿಸಿ ರೋಗಿ ಎಚ್ಚರಗೊಂಡಾಗ ಸ್ನಾಯು ಸಡಿಲಿಸುವ ಔಷಧ ಇನ್ನೂ ಪೂರ್ತಿ ಇಳಿಯದೆ ಉಳಿದಿದ್ದರೆ ಮತ್ತೆ ಅದೇ ಸ್ಥಿತಿ. ಸಣ್ಣದೊಂದು ನರ್ವ್ ಸ್ಟಿಮ್ಯುಲೇಟರ್‌ನಿಂದ ಕೈಯ ನರವನ್ನು ಪ್ರಚೋದಿಸಿ ನೋಡಿದರೆ ಇದನ್ನು ಮೊದಲೇ ತಿಳಿಯಬಹುದು. ದುಬಾರಿಯಲ್ಲದ ಈ ಉಪಕರಣವನ್ನು ಪ್ರತಿಯೊಂದು ಥಿಯೇಟರಿನಲ್ಲೂ ಬಳಸಲೇಬೇಕೆಂದು ನಾನು ದೃಢವಾಗಿ ನಂಬುತ್ತೇನೆ. ಇವಲ್ಲದೆ ಸಿರಿಂಜುಗಳು ಅದಲುಬದಲಾಗುವುದು, ಆವಿಯ ಔಷಧವನ್ನು ಒದಗಿಸುವ ವೇಪರೈಸರ್ ಗಮನಕ್ಕೆ ಬಾರದೆ ಖಾಲಿಯಾಗುವುದು, ಪ್ರೊಪೊಫಾಲ್ ಹರಿಯುತ್ತಿರುವ ಕ್ಯಾನುಲಾ, ಅಂದರೆ ರಕ್ತನಾಳಕ್ಕೆ ಹಾಕಿದ ಸಣ್ಣ ನಳಿಕೆ, ಹೊದಿಕೆಯಡಿಯಲ್ಲಿ ಜಾರುವುದು ಇವೆಲ್ಲವೂ ಕಾರಣಗಳೇ.

ಸಂಪೂರ್ಣ ಅರಿವಳಿಕೆಯಲ್ಲಿ ಮಾಡುವ ಸಿಸೇರಿಯನ್‌ನಲ್ಲಿ ಅಪಾಯ ಎಲ್ಲಕ್ಕಿಂತ ಹೆಚ್ಚು: ನ್ಯಾಪ್-5ರ ಲೆಕ್ಕದಲ್ಲಿ ಸುಮಾರು 670ರಲ್ಲಿ ಒಬ್ಬರಿಗೆ. ಮಗುವಿಗೆ ಔಷಧ ಹೆಚ್ಚು ತಲುಪಬಾರದೆಂಬ ಎಚ್ಚರಿಕೆ, ತುರ್ತಿನ ಅವಸರ, ಪ್ರಜ್ಞೆ ಹೋದ ಮರುಕ್ಷಣವೇ ಚೂರಿ ಇಡಬೇಕಾದ ಅನಿವಾರ್ಯ ಇವೆಲ್ಲ ಅಲ್ಲಿ ಒಟ್ಟಿಗೆ ಬಂದು ಸೇರುತ್ತವೆ. ತೀವ್ರ ರಕ್ತಸ್ರಾವವಾದ ಅಪಘಾತದ ಗಾಯಾಳುಗಳಲ್ಲೂ ಕೆಲವು ಹೃದಯ ಶಸ್ತ್ರಚಿಕಿತ್ಸೆಗಳಲ್ಲೂ ಜೀವ ಉಳಿಸಲು ಅರಿವಳಿಕೆಯನ್ನು ತೆಳುವಾಗಿಡಬೇಕಾದ ಸಂದರ್ಭಗಳಿವೆ.

ನಮ್ಮ ನಾಡಿಗೆ ನೇರವಾಗಿ ಸಂಬಂಧಿಸಿದ ಒಂದು ಕಾರಣವನ್ನು ಇಲ್ಲಿ ಬೇರೆಯಾಗಿಯೇ ಹೇಳಬೇಕು. ತುರ್ತು ಸಂದರ್ಭಗಳಲ್ಲಿ ಬಳಸುವ ಸಕ್ಸಿನೈಲ್‌ಕೋಲಿನ್ ಎಂಬ ಸಡಿಲಿಸುವ ಔಷಧ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ರಕ್ತದಲ್ಲಿರುವ ಒಂದು ಕಿಣ್ವದಿಂದ ಒಡೆದುಹೋಗುತ್ತದೆ. ಆ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರಲ್ಲಿ ಅದು ಗಂಟೆಗಳ ಕಾಲ ಉಳಿಯುತ್ತದೆ. ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡುಗಳಲ್ಲಿ ನೆಲೆಸಿರುವ ಆರ್ಯ ವೈಶ್ಯ ಸಮುದಾಯದಲ್ಲಿ ಈ ಕೊರತೆ ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತದೆ. ಅದಕ್ಕೆ ಕಾರಣವಾದ ವಂಶವಾಹಿ ಬದಲಾವಣೆಯೊಂದನ್ನು ಸಂಶೋಧಕರು 2006ರಲ್ಲಿ ಗುರುತಿಸಿದ್ದಾರೆ. ದಿನನಿತ್ಯದ ಬದುಕಿನಲ್ಲಿ ಇದರಿಂದ ಯಾವ ತೊಂದರೆಯೂ ಇಲ್ಲದ್ದರಿಂದ, ತಮಗೆ ಅದು ಇದೆಯೆಂದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ದಕ್ಷಿಣ ಭಾರತದ ಅರಿವಳಿಕೆ ವೈದ್ಯರು ತಪಾಸಣೆಯ ಹೊತ್ತಿನಲ್ಲಿ ಸಮುದಾಯವನ್ನು ವಿಚಾರಿಸಿದರೆ, "ಮನೆಯಲ್ಲಿ ಯಾರಿಗಾದರೂ ಆಪರೇಷನ್ ಆದಮೇಲೆ ಉಸಿರಾಟ ಮರಳಲು ತಡವಾಗಿತ್ತೇ, ವೆಂಟಿಲೇಟರ್‌ನಲ್ಲಿ ಇಟ್ಟಿದ್ದರೇ?" ಎಂದು ಕೇಳಿದರೆ, ದಯವಿಟ್ಟು ಬೇಸರಿಸಬೇಡಿ, ಅಣ್ಣತಮ್ಮಂದಿರ, ಅಕ್ಕತಂಗಿಯರ ವಿಷಯವನ್ನೂ ನೆನಪಿಸಿಕೊಂಡು ಹೇಳಿ. ಕೊರತೆ ಗೊತ್ತಿದ್ದರೆ ಬೇರೆ ಔಷಧ ಬಳಸಬಹುದು. ಗೊತ್ತಿಲ್ಲದೆ ಕೊಟ್ಟಿದ್ದರೂ, ಅನುಮಾನ ಬಂದ ಕೂಡಲೇ ಮತ್ತೆ ನಿದ್ರೆಯ ಔಷಧ ಕೊಟ್ಟು, ವೆಂಟಿಲೇಟರ್‌ನಲ್ಲಿಟ್ಟು ಕಾಯುವುದು ಸರಿಯಾದ ಕ್ರಮ. ಅನುಮಾನ ಬಾರದೆ, "ಕಣ್ಣು ಬಿಡಿ, ಉಸಿರು ತೆಗೆದುಕೊಳ್ಳಿ" ಎಂದು ಕೂಗುತ್ತ ಕೆನ್ನೆ ತಟ್ಟುತ್ತಿದ್ದರೆ, ಅಷ್ಟನ್ನೂ ಕೇಳಿಸಿಕೊಳ್ಳುತ್ತಿರುವ ರೋಗಿಗೆ ಬಿಡಲಾಗದ ಕಣ್ಣಿನ, ತೆಗೆಯಲಾಗದ ಉಸಿರಿನ ಚಿತ್ರಹಿಂಸೆ.

ಎಚ್ಚರವಾದವರು ಏನನ್ನು ಅನುಭವಿಸುತ್ತಾರೆ? ನೋವು ಕೆಲವರಿಗೆ ಮಾತ್ರ. ಮಾತು ಕೇಳಿಸುವುದು, ಮೈಯನ್ನು ಮುಟ್ಟುವುದು ತಿಳಿಯುವುದು, ಎಲ್ಲಕ್ಕಿಂತ ಮಿಗಿಲಾಗಿ ಅಲುಗಾಡಲಾಗದಿರುವುದು ಅವರ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತವೆ. ನ್ಯಾಪ್-5ರಲ್ಲಿ ಸುಮಾರು ಅರ್ಧದಷ್ಟು ಜನ ಆ ಹೊತ್ತಿನಲ್ಲಿ ತೀವ್ರ ಸಂಕಟಪಟ್ಟಿದ್ದರು. 41 ಪ್ರತಿಶತ ಜನರಲ್ಲಿ ದೀರ್ಘಕಾಲದ ಮಾನಸಿಕ ತೊಂದರೆ ಉಳಿದಿತ್ತು. ಅದಕ್ಕೆ ನಿಕಟ ಸಂಬಂಧವಿದ್ದುದು ನೋವಿಗಿಂತಲೂ ಆ ಕ್ಷಣದ ಅಸಹಾಯಕತೆಗೆ. ತಾನು ಸಾಯುತ್ತಿದ್ದೇನೆ, ಸತ್ತೇ ಹೋಗಿದ್ದೇನೆ, ಲಕ್ವ ಹೊಡೆದಿದೆ, ಇನ್ನು ಮುಂದೆ ಹೀಗೆಯೇ ಎಂದು ಅಂದುಕೊಂಡವರು ಹೆಚ್ಚು ನೊಂದರು. ಏನಾಗುತ್ತಿದೆಯೆಂದು ಆಗಲೇ ಅರ್ಥಮಾಡಿಕೊಂಡವರು, ಅಥವಾ ಕೂಡಲೇ ಯಾರಿಂದಲಾದರೂ ವಿವರಣೆ, ಧೈರ್ಯದ ಮಾತು ಸಿಕ್ಕವರು ಅಷ್ಟಾಗಿ ಕುಗ್ಗಲಿಲ್ಲ. ಈ ಅಧ್ಯಯನದ ಅಂಕಿಗಳೆಲ್ಲ ಮರೆತರೂ ಈ ಒಂದು ಅಂಶವನ್ನು ವೈದ್ಯರು ಮರೆಯಬಾರದು ಎನಿಸುತ್ತದೆ ನನಗೆ.

ಪಿತ್ತಕೋಶದ ಶಸ್ತ್ರಚಿಕಿತ್ಸೆಗೆಂದು ತಪಾಸಣೆಗೆ ಬಂದಿದ್ದ ವಯಸ್ಸಾದ ಹೆಂಗಸೊಬ್ಬರು ಯಾವ ಪ್ರಶ್ನೆಗೂ ನೆಟ್ಟಗೆ ಉತ್ತರಿಸದೆ ಸೆರಗಿನ ಅಂಚನ್ನು ಹಿಂಡುತ್ತ ಕುಳಿತಿದ್ದರು. ಹಿಂದೆ ಆಪರೇಷನ್ ಆಗಿತ್ತೇ ಎಂದಾಗ, ಎಷ್ಟೋ ವರ್ಷಗಳ ಹಿಂದೆ ಬೇರೊಂದು ಊರಿನ ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆದಿದ್ದರೆಂದು ಅವರ ಸೊಸೆ ಹೇಳಿದರು. ಮತ್ತೆ ಮತ್ತೆ ಸಮಾಧಾನದಿಂದ ಕೇಳಿದ ಮೇಲೆ ಆ ತಾಯಿ ಹೇಳಿದ್ದು ಇಷ್ಟು: ಆಪರೇಷನ್ ನಡುವೆ ಅವರಿಗೆ ಹೆಂಗಸರಿಬ್ಬರು ಮಗಳ ಮದುವೆಯ ವಿಚಾರ ಮಾತಾಡುವುದು ಕೇಳಿಸಿತು, ಬಾಯೊಳಗೆ ಕೊಳವೆ ಇರುವುದು ತಿಳಿಯಿತು, ಹೆಬ್ಬೆರಳನ್ನಾದರೂ ಅಲ್ಲಾಡಿಸಲು ದೇವರಲ್ಲಿ ಮೊರೆಯಿಟ್ಟರು, ಆಗಲಿಲ್ಲ. ಮನೆಗೆ ಬಂದು ಹೇಳಿದಾಗ ಗಂಡ "ಮತ್ತಿನಲ್ಲಿ ಕನಸು ಬಿದ್ದಿರಬೇಕು" ಎಂದರು. ಹೊಲಿಗೆ ಬಿಚ್ಚಿದ ವೈದ್ಯರೂ ಅದನ್ನೇ ಹೇಳಿದರು. ಅಂದಿನಿಂದ ಅಂಗಾತ ಮಲಗಿದರೆ ಎದೆ ಹೊಡೆದುಕೊಳ್ಳುತ್ತದೆಂದು ಅವರು ಮಗ್ಗುಲಾಗಿಯೇ ಮಲಗುತ್ತಾರೆ. ಹೊಟ್ಟೆನೋವನ್ನು ಎರಡು ಮಳೆಗಾಲ ಸಹಿಸಿಕೊಂಡದ್ದೂ ಇದೇ ಭಯದಿಂದ. ಒಂದೇ ಮನೆಯಲ್ಲಿ ಬಾಳಿದ ಸೊಸೆಗೆ ಇದಾವುದೂ ಗೊತ್ತಿರಲಿಲ್ಲ. ನೀವು ಹೇಳುವುದು ನಿಜವಾಗಿ ನಡೆಯಬಹುದಾದದ್ದೇ, ಅದಕ್ಕೆ ಕಾರಣ ಇಂಥದು, ಈ ಸಲ ನಾವು ಹೀಗೆ ಹೀಗೆ ನೋಡಿಕೊಳ್ಳುತ್ತೇವೆ ಎಂದು ವಿವರಿಸಿದಾಗ ಆ ತಾಯಿ ಬಹಳ ಹೊತ್ತು ಅತ್ತರು.

ಇಂಥವರು ಎಷ್ಟು ಮಂದಿ ಎಂಬ ಲೆಕ್ಕ ನಾವು ಅವರನ್ನು ಹೇಗೆ ಹುಡುಕುತ್ತೇವೆ ಎಂಬುದರ ಮೇಲೆ ಬದಲಾಗುತ್ತದೆ. ರೋಗಿಗಳು ತಾವಾಗಿಯೇ ಹೇಳಿಕೊಂಡದ್ದನ್ನು ಮಾತ್ರ ಎಣಿಸಿದ ನ್ಯಾಪ್-5ರಲ್ಲಿ ಸುಮಾರು 19,000 ಅರಿವಳಿಕೆಗಳಿಗೆ ಒಂದು ಪ್ರಕರಣ ಸಿಕ್ಕಿತು. ಸಡಿಲಿಸುವ ಔಷಧ ಬಳಸಿದ್ದಲ್ಲಿ ಸುಮಾರು 8,000ಕ್ಕೆ ಒಂದು, ಬಳಸದಿದ್ದಲ್ಲಿ 1,36,000ಕ್ಕೆ ಒಂದು. ಅದೇ, ಸ್ವೀಡನ್ನಿನಲ್ಲಿ 11,785 ರೋಗಿಗಳನ್ನು ಶಸ್ತ್ರಚಿಕಿತ್ಸೆಯ ನಂತರ ಬೇರೆ ಬೇರೆ ದಿನಗಳಲ್ಲಿ ಮೂರು ಸಲ ಕೂರಿಸಿಕೊಂಡು ಕೇಳಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 18 ಜನರಿಗೆ ಎಚ್ಚರವಾಗಿತ್ತು, ಅಂದರೆ ಸಾವಿರಕ್ಕೆ ಒಬ್ಬರಿಗಿಂತ ಹೆಚ್ಚು. ಇನ್ನೂ ಒಂದು ವಿಧಾನವಿದೆ. 1977ರಲ್ಲಿ ಟನ್‌ಸ್ಟಾಲ್ ಎಂಬ ವೈದ್ಯರು ಸಿಸೇರಿಯನ್ ತಾಯಂದಿರಿಗಾಗಿ ಬಳಸಿದ ಈ ಕ್ರಮದಲ್ಲಿ, ಸಡಿಲಿಸುವ ಔಷಧ ಕೊಡುವ ಮುನ್ನ ಒಂದು ಮುಂಗೈಗೆ ರಕ್ತ ಹರಿಯದಂತೆ ಪಟ್ಟಿ ಬಿಗಿಯುತ್ತಾರೆ. ಆ ಕೈಗೆ ಔಷಧ ತಲುಪದ್ದರಿಂದ ಅದು ಅಲುಗಾಡಬಲ್ಲದು. "ಕೇಳಿಸುತ್ತಿದ್ದರೆ ನನ್ನ ಕೈ ಹಿಸುಕಿ" ಎಂದರೆ, ಎಚ್ಚರವಿರುವವರು ಹಿಸುಕುತ್ತಾರೆ. 2017ರಲ್ಲಿ ಪ್ರಕಟವಾದ, ಹಲವು ದೇಶಗಳಲ್ಲಿ ನಡೆದ ಅಧ್ಯಯನದಲ್ಲಿ 260 ರೋಗಿಗಳ ಪೈಕಿ 12 ಮಂದಿ, ಕೊಳವೆ ಹಾಕಿದ ನಂತರ, ಹೀಗೆ ಹಿಸುಕಿ ಉತ್ತರಿಸಿದರು. ಅವರಲ್ಲಿ ಯಾರಿಗೂ ಆಮೇಲೆ ಅದು ನೆನಪಿರಲಿಲ್ಲ. 2023ರ ಅಧ್ಯಯನದಲ್ಲಿ, 18ರಿಂದ 40 ವರ್ಷದೊಳಗಿನವರಲ್ಲಿ, ಉತ್ತರಿಸಿದವರ ಪಾಲು ಸುಮಾರು ಶೇಕಡ 11ಕ್ಕೆ ಏರಿತು, ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚು. ನೆನಪಾಗಿ ಉಳಿಯದ ಈ ಎಚ್ಚರವನ್ನು ನೆನಪಿನಲ್ಲಿ ಉಳಿದ ಎಚ್ಚರದೊಂದಿಗೆ ಬೆರೆಸಿ ಯಾರೂ ಗಾಬರಿಯಾಗಬೇಕಿಲ್ಲ. ಆದರೆ ಸುಮ್ಮನೆ ಕಾದರೆ ಸಿಗುವ ಸಂಖ್ಯೆಗೂ ವಿಚಾರಿಸಿದರೆ ಸಿಗುವ ಸಂಖ್ಯೆಗೂ ಇರುವ ಈ ದೂರ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ನ್ಯಾಪ್-5ಕ್ಕೆ ತಾವಾಗಿ ಹೇಳಿಕೊಂಡವರಲ್ಲೂ ಕೆಲವರು ದಶಕಗಳ ನಂತರ ಮೊದಲ ಬಾರಿಗೆ ಬಾಯಿಬಿಟ್ಟಿದ್ದರು.

ಎಚ್ಚರವನ್ನು ಅಳೆಯುವ ಯಂತ್ರವಿಲ್ಲವೇ ಎಂದು ಕೇಳುವವರಿದ್ದಾರೆ. ಹಣೆಗೆ ಅಂಟಿಸಿದ ಪಟ್ಟಿಯ ಮೂಲಕ ಮಿದುಳಿನ ವಿದ್ಯುತ್ ಅಲೆಗಳನ್ನು ಓದಿ ಸೊನ್ನೆಯಿಂದ ನೂರರವರೆಗಿನ ಅಂಕಿಯಾಗಿ ತೋರಿಸುವ ಬಿಸ್ ಮಾನಿಟರ್ ಇದೆ. 40ರಿಂದ 60ರ ನಡುವೆ ಇದ್ದರೆ ಸರಿ ಎನ್ನುತ್ತೇವೆ. 2004ರಲ್ಲಿ, ಎಚ್ಚರವಾಗುವ ಸಂಭವ ಹೆಚ್ಚಿರುವ ಸುಮಾರು 2,500 ರೋಗಿಗಳ ಅಧ್ಯಯನದಲ್ಲಿ, ಈ ಯಂತ್ರವಿದ್ದವರಲ್ಲಿ 2, ಇಲ್ಲದವರಲ್ಲಿ 11 ಪ್ರಕರಣ ಕಂಡವು. ಆದರೆ ರೋಗಿ ಹೊರಬಿಡುವ ಉಸಿರಿನಲ್ಲಿ ಅರಿವಳಿಕೆಯ ಆವಿ ಎಷ್ಟಿದೆಯೆಂದು ಅಳೆದು, ಇಳಿದರೆ ಗಂಟೆ ಬಾರಿಸುವ ಕ್ರಮಕ್ಕಿಂತ ಇದು ಉತ್ತಮವೇ ಎಂದು 6,000ಕ್ಕೂ ಹೆಚ್ಚು ರೋಗಿಗಳಲ್ಲಿ ಹೋಲಿಸಿದ 2011ರ ಅಧ್ಯಯನದಲ್ಲಿ ಬಿಸ್ ಮೇಲುಗೈ ಸಾಧಿಸಲಿಲ್ಲ. ಹಾಗಾಗಿ ಆವಿಯ ಅರಿವಳಿಕೆ ಕೊಡುವಲ್ಲಿ ಆ ಅಳತೆಯೇ ಸಾಕು. ಪೂರ್ತಿಯಾಗಿ ರಕ್ತನಾಳದ ಮೂಲಕ ಪ್ರೊಪೊಫಾಲ್ ಕೊಟ್ಟು, ಜೊತೆಗೆ ಸಡಿಲಿಸುವ ಔಷಧವನ್ನೂ ಬಳಸುವಲ್ಲಿ ಬಿಸ್ ಇರಬೇಕು ಎಂಬುದು ನನ್ನ ನಿಲುವು. ನಾಡಿ ಏರುವುದು, ರಕ್ತದೊತ್ತಡ ಹೆಚ್ಚುವುದು, ಬೆವರು, ಕಣ್ಣೀರು ಇವನ್ನು ಗಮನಿಸಲೇಬೇಕು. ಆದರೆ ರಕ್ತದೊತ್ತಡದ ಮಾತ್ರೆ ನುಂಗುವವರಲ್ಲಿ ಅವು ಕಾಣದೆಯೂ ಇರಬಹುದು.

ಶಸ್ತ್ರಚಿಕಿತ್ಸೆಗೆ ಹೋಗುವವರು ಮುಂಚೆಯೇ ಹೇಳಬೇಕಾದ ಕೆಲವು ಸಂಗತಿಗಳಿವೆ. ಹಿಂದೆ ಎಂದಾದರೂ ನಡುವೆ ಎಚ್ಚರವಾದ ಅನುಭವ, ಕೊಳವೆ ಹಾಕಲು ಕಷ್ಟವಾಗಿದ್ದುದು, ದಿನವೂ ಮದ್ಯ ಕುಡಿಯುವ ಅಭ್ಯಾಸ, ನೋವಿಗೆ ಅಥವಾ ನಿದ್ರೆಗೆ ಬಹುಕಾಲದಿಂದ ತೆಗೆದುಕೊಳ್ಳುತ್ತಿರುವ ಔಷಧ ಇವನ್ನು ಮನೆಯವರ ಎದುರು ಹೇಳಲು ಸಂಕೋಚವಾದರೆ ಅವರನ್ನು ಹೊರಗೆ ಕಳಿಸಿ ಹೇಳಿ. ನಾವು ಯಾರಿಗೂ ತಿಳಿಸುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ನನ್ನ ರೋಗಿಗಳಿಗೆ ನಾನು ಇನ್ನೊಂದು ಮಾತನ್ನೂ ಹೇಳುತ್ತೇನೆ: "ಎಚ್ಚರವಾಗುವಾಗ ಒಂದು ಕ್ಷಣ ಕೈಕಾಲು ಆಡದಿರಬಹುದು, ಬಾಯಲ್ಲಿ ಕೊಳವೆ ಇರಬಹುದು. ಅದು ಔಷಧದ ಪರಿಣಾಮ, ಇಳಿದುಹೋಗುತ್ತದೆ. ನಾನು ನಿಮ್ಮ ತಲೆಯ ಬಳಿಯೇ ಇರುತ್ತೇನೆ." ಇದನ್ನು ಕೇಳಿ ಭಯಪಟ್ಟವರು ಕಡಿಮೆ, "ಹೇಳಿದ್ದು ಒಳ್ಳೆಯದಾಯಿತು" ಎಂದವರೇ ಹೆಚ್ಚು. ಅರಿವಳಿಕೆಯಲ್ಲಿರುವ ರೋಗಿಯ ಎದುರು ಏನು ಮಾತಾಡುತ್ತೇವೆ ಎಂಬುದರ ಬಗ್ಗೆಯೂ ಥಿಯೇಟರಿನಲ್ಲಿರುವ ಎಲ್ಲರೂ ಎಚ್ಚರ ವಹಿಸಬೇಕು. ರೋಗಿಯ ಮೈಕಟ್ಟು, ಕಾಯಿಲೆ, ಬಡತನ ಇವುಗಳ ಕುರಿತ ಹಗುರ ಮಾತನ್ನು ನಾನು ಸಹಿಸುವುದಿಲ್ಲ.

ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಕೇಳಬೇಕಾದ ಪ್ರಶ್ನೆಗಳನ್ನು ಬ್ರೈಸ್ ಮತ್ತು ಸಂಗಡಿಗರು 1970ರಲ್ಲೇ ರೂಪಿಸಿಕೊಟ್ಟಿದ್ದಾರೆ. ನಿದ್ರೆಗೆ ಜಾರುವ ಮುನ್ನ ಕೊನೆಯದಾಗಿ ಏನು ನೆನಪಿದೆ? ಎಚ್ಚರವಾದಾಗ ಮೊದಲು ನೆನಪಿರುವುದು ಏನು? ಇವೆರಡರ ನಡುವೆ ಏನಾದರೂ ನೆನಪಿದೆಯೇ? ಕನಸು ಬಿತ್ತೇ? ಎರಡು ನಿಮಿಷವೂ ಬೇಡದ ಈ ಮಾತುಕತೆಗೆ ನಮ್ಮ ಆಸ್ಪತ್ರೆಗಳಲ್ಲಿ ಜಾಗವೇ ಇಲ್ಲದಂತಾಗಿದೆ. ರೋಗಿ ವಾರ್ಡಿಗೆ ಹೋದ ಮೇಲೆ ಶಸ್ತ್ರವೈದ್ಯರು ಬಂದು ಗಾಯ ನೋಡುತ್ತಾರೆ. ಅರಿವಳಿಕೆ ವೈದ್ಯರು ಅಷ್ಟರಲ್ಲಿ ಮುಂದಿನ ಕೇಸಿನಲ್ಲೋ ಮತ್ತೊಂದು ಆಸ್ಪತ್ರೆಯಲ್ಲೋ ಇರುತ್ತಾರೆ. ರೋಗಿಗೆ ಅವರ ಹೆಸರೂ ಗೊತ್ತಿರುವುದಿಲ್ಲ. "ನಡುವೆ ಎಚ್ಚರವಾಗಿತ್ತು" ಎಂದು ಯಾರಾದರೂ ಹೇಳಿದರೆ ಅರಿವಳಿಕೆ ವೈದ್ಯರೇ ಬಂದು, ಅಡ್ಡ ಮಾತಾಡದೆ ಪೂರ್ತಿ ಕೇಳಿ, ರೋಗಿಯ ಮಾತಿನಲ್ಲೇ ಬರೆದುಕೊಂಡು, ಅರಿವಳಿಕೆಯ ದಾಖಲೆಯೊಂದಿಗೆ ಹೋಲಿಸಿ, ಆದದ್ದನ್ನು ವಿವರಿಸಿ, ವಿಷಾದ ತಿಳಿಸಿ, ಬೇಕಿದ್ದರೆ ಮನೋವೈದ್ಯರ ಬಳಿಗೆ ಕಳಿಸಬೇಕು. ಮೊಕದ್ದಮೆಯ ಭಯದಿಂದ "ಅದು ಕನಸು" ಎಂದು ಸಾಗಹಾಕುವುದು ರೋಗಿಗೆ ಎರಡನೆಯ ಗಾಯ ಮಾಡಿದಂತೆ.

ಒಂದೇ ಸಲ ಕೇಳಿದರೂ ಸಾಲದು. ಸ್ವೀಡನ್ನಿನ ಅಧ್ಯಯನದಲ್ಲಿ ಕೆಲವರಿಗೆ ಚೇತರಿಕೆ ಕೋಣೆಯಲ್ಲಿ ಏನೂ ನೆನಪಾಗದೆ, ಒಂದೆರಡು ವಾರಗಳ ನಂತರದ ಭೇಟಿಯಲ್ಲಷ್ಟೇ ನೆನಪು ಮೂಡಿತ್ತು. ನಮ್ಮಲ್ಲಿ ಆ ಹೊತ್ತಿಗೆ ರೋಗಿ ಊರಿಗೆ ಮರಳಿ ಹೊಲಿಗೆಯನ್ನೂ ಹತ್ತಿರದ ಕ್ಲಿನಿಕ್ಕಿನಲ್ಲೇ ತೆಗೆಸಿಕೊಂಡಿರುತ್ತಾರೆ. ಆದ್ದರಿಂದ ಡಿಸ್ಚಾರ್ಜ್ ಚೀಟಿಯಲ್ಲಿ ಅರಿವಳಿಕೆ ವಿಭಾಗದ ಫೋನ್ ನಂಬರನ್ನು ಕನ್ನಡದಲ್ಲಿ ಬರೆದುಕೊಡಬೇಕು, ಹತ್ತು ದಿನಗಳಾದ ಮೇಲೆ ವಿಭಾಗದಿಂದಲೇ ಒಂದು ಕರೆ ಹೋಗಬೇಕು, ಫೋನ್ ಎತ್ತಿದ ಮಗನಿಂದಲೋ ಗಂಡನಿಂದಲೋ ಉತ್ತರ ಪಡೆದು ಮುಗಿಸದೆ, ಶಸ್ತ್ರಚಿಕಿತ್ಸೆಯಾದವರ ಕೈಗೇ ಫೋನ್ ಕೊಡಿಸಿ ಅವೇ ಪ್ರಶ್ನೆಗಳನ್ನು ಮತ್ತೆ ಕೇಳಬೇಕು.